ಹುಳಿವಾಸನೆಯ ಜಾಡು ಹಿಡಿದವರು

ಮಗುವಿನ ಕೊಳೆಬಟ್ಟೆ ಕಂಡು ಉಳಿದವರು ಮೂಗು ಮುಚ್ಚಿಕೊಂಡರೆ, ಡಾಕ್ಟರ್ ಶಾಂಗ್ ರುಯಿಲಾನ್ ಅದನ್ನು ಮೂಗಿನ ಬಳಿಗೇ ತಂದು, ಕಣ್ಣು ಮುಚ್ಚಿ, ಅದರಲ್ಲೊಂದು ಹುಳಿಯ ಎಳೆಯನ್ನು ಅರಸುತ್ತಿದ್ದರು. ಕೂಸುಗಳ ವಾಂತಿಭೇದಿಗೆ ಕಾರಣವಾದ ರೋಟಾ ವೈರಾಣುವನ್ನು ವಾಸನೆಯಿಂದಲೇ ಹಿಡಿಯಬಲ್ಲೆನೆಂಬುದು ಅವರ ಹಟ. ಪ್ರಯೋಗಾಲಯದ ಪಕ್ಕದ ಮೇಜಿನಲ್ಲಿದ್ದ ನಾನು ಪರೀಕ್ಷಿಸಿ ನೋಡಿದರೆ, ಹತ್ತರಲ್ಲಿ ಏಳು ಸಲ ಅವರ ಮಾತೇ ನಿಜವಾಗುತ್ತಿತ್ತು.

ಚೀನಾದ ಲಾಂಝೌ ನಗರದ ಸುತ್ತಿನ ಹಳ್ಳಿಗಳಲ್ಲಿ ಶರತ್ಕಾಲ ಬಂತೆಂದರೆ ಎಳೆಗೂಸುಗಳಿಗೆ ವಾಂತಿಭೇದಿ. ಸೀಸೆಗಳಿಂದ ಜೇಬು ಉಬ್ಬಿದ ನೀಲಿ ಹತ್ತಿಕೋಟು ತೊಟ್ಟು, ಐಸ್ ಪೆಟ್ಟಿಗೆಯ ಭಾರಕ್ಕೆ ಒಂದು ಕಡೆಗೆ ವಾಲುತ್ತ ಅವರು ಓಣಿಗೆ ಕಾಲಿಟ್ಟರೆ ಸಾಕು, ಮುದುಕಿಯರು ಕೂಗುತ್ತಿದ್ದರು:

“ಹೇಲಿನ ಡಾಕ್ಟರಮ್ಮ ಬಂದ್ಲು, ಯಾರೂ ಬಟ್ಟೆ ಒಗೀಬೇಡ್ರೇ!”

“ನಿನ್ ಮೊಮ್ಮಗಂದು ನಂಗೆ ಚಿನ್ನ ಕಣಜ್ಜಿ, ಬೇಗ ತಾ!”

ಈ ರೋಗಕ್ಕೆ ಬಾಯಿಗೆ ಹಾಕುವ ನಮ್ಮ ಹೊಸ ಲಸಿಕೆಯ ಪರೀಕ್ಷೆ ಆರಂಭವಾದ ವರ್ಷ ಅರ್ಧ ಸೀಸೆಗಳಲ್ಲಿ ಲಸಿಕೆ, ಉಳಿದರ್ಧದಲ್ಲಿ ಸಕ್ಕರೆ ಬೆರೆಸಿದ ಬರೀ ಸಿಹಿನೀರು. ಮೇಲೆ ಸಂಖ್ಯೆ ಮಾತ್ರ. ಯಾವುದು ಯಾವುದೆಂದು ಹಾಕುವವರಿಗೂ ತಿಳಿಯದು. ಹಿಂದಿನ ಶರತ್ಕಾಲದಲ್ಲಿ ಚೊಚ್ಚಲ ಮಗುವನ್ನು ಕಳೆದುಕೊಂಡಿದ್ದ ಯಾನ್ ಶೂಚಿನ್, ಎರಡನೆಯದನ್ನು ಎದೆಗವಚಿಕೊಂಡು ರುಯಿಲಾನ್ ಅವರ ಕೈ ಹಿಡಿದಳು.

“ಅಕ್ಕಾ, ನನ್ ಮಗೂಗೆ ನಿಜವಾದ್ದೇ ಹಾಕು. ಬೇಕಾದ್ರೆ ಮಂಡಿಯೂರ್ತೀನಿ.”

“ಯಾವ್ದು ನಿಜವಾದ್ದು ಅಂತ ನಂಗೂ ಗೊತ್ತಿಲ್ಲ ಕಣೇ. ಆದ್ರೆ ಮಗೂಗೆ ಏನಾದ್ರೂ ಆದ್ರೆ ಹೇಳಿ ಕಳ್ಸು, ಬಂದ್ಬಿಡ್ತೀನಿ.”

ಎರಡು ತಿಂಗಳಿಗೆ ಕರೆ ಬಂತು. ಮಗುವಿನ ಕಣ್ಣು ಗುಳಿ ಬಿದ್ದಿತ್ತು. ರುಯಿಲಾನ್ ಆ ಮನೆಯ, ಅಡಿಯಲ್ಲಿ ಬೆಂಕಿಯಿಟ್ಟು ಬೆಚ್ಚಗಿಡುವ ಇಟ್ಟಿಗೆ ಮಂಚದ ಮೇಲೆ ಕುಳಿತು, ಉಪ್ಪು ಸಕ್ಕರೆ ಕಲಸಿದ ನೀರನ್ನು ಚಮಚ ಚಮಚವಾಗಿ ಕುಡಿಸಿದರು. ಕಕ್ಕಿದರೆ ಕಾದು, ಮತ್ತೆ ಕುಡಿಸಿದರು. ಅದುವರೆಗೆ ಒಣಗಣ್ಣಲ್ಲೇ ನರಳುತ್ತಿದ್ದ ಮಗು ಮೂರನೆಯ ದಿನ ಕಣ್ಣೀರು ಸುರಿಸಿ ಅತ್ತಿತು. ಅದರ ಕಣ್ಣಲ್ಲಿ ನೀರು ಕಂಡದ್ದೇ ತಡ, ಡಾಕ್ಟರಮ್ಮನೂ ಅತ್ತುಬಿಟ್ಟರು.

ಮರುವರ್ಷ ಸಂಖ್ಯೆಗಳ ಗುಟ್ಟು ಬಿಚ್ಚಿದಾಗ, ಲಸಿಕೆ ಪಡೆದ ಮಕ್ಕಳಲ್ಲಿ ರೋಗ ಬಲು ವಿರಳವಾಗಿತ್ತು. ಕಚೇರಿಯಲ್ಲಿ ಎಲ್ಲರೂ ಕೈಕುಲುಕುತ್ತಿದ್ದರೆ, ರುಯಿಲಾನ್ ನನ್ನನ್ನು ಕರೆದುಕೊಂಡು ನೆಟ್ಟಗೆ ಶೂಚಿನ್ ಮನೆಗೆ ಹೋದರು.

“ನಿನ್ ಮಗೂಗೆ ಬಿದ್ದಿದ್ದು ಬರೀ ಸಿಹಿನೀರು. ಬೈಯೋದಿದ್ರೆ ಬೈದ್ಬಿಡು.”

ಶೂಚಿನ್ ಬಿಸಿ ನೂಡಲ್ಸ್ ಬಟ್ಟಲನ್ನು ಅವರ ಮುಂದಕ್ಕೆ ಸರಿಸಿದಳು.

“ಮೊದ್ಲು ತಿನ್ನು. ಸಿಹಿನೀರು ಕುಡಿಯೋರು ಯಾರೂ ಇಲ್ದಿದ್ರೆ ನಿನ್ ಔಷಧಿ ಕೆಲ್ಸ ಮಾಡ್ತು ಅಂತ ಹೆಂಗ್ ಗೊತ್ತಾಗ್ತಿತ್ತು? ಆಮೇಲೆ… ನೀನು ಬಂದ್ಯಲ್ಲ.”

ಆ ವರ್ಷ ಓಣಿಯ ಉಳಿದ ಮಕ್ಕಳಿಗೂ ಲಸಿಕೆ ಬಂದಾಗ, ಬಾಗಿಲು ಬಾಗಿಲಿಗೆ ಹೋಗಿ ತಾಯಂದಿರನ್ನು ಹೊರಡಿಸಿದವಳು ಅವಳೇ.

ಎಲ್ಲ ತಿಳಿದಿದೆಯೆಂದು ಧೈರ್ಯ ಹೇಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ತಿಳಿಯದೆಂದು ತಾಯಿಯ ಮುಖ ನೋಡಿ ಹೇಳಿ, ತಿಳಿಯುವವರೆಗೂ ಅದೇ ಹೊಸ್ತಿಲಿಗೆ ಮರಳಿ ಮರಳಿ ಬರುವವರು ವಿರಳ. ನಮ್ಮ ಮಕ್ಕಳು ಕಣ್ಣೆದುರು ಬೆಳೆಯುತ್ತಿರುವುದು ಅಂಥ ವಿರಳರ ಪುಣ್ಯದಿಂದ.