ಸಾಹೇಬರಿಗಿ ಆಭಾರ

ಯಾದಗಿರಿ ಸೇವಾ ಮಂಡಳಿಯೊಳಗ ಆಭಾರ ಮನ್ನಿಸೋ ಕೆಲಸ ಮರಿಲಿಂಗಪ್ಪ ಮಾಸ್ತರನ ಕೊರಳಿಗಿ ಬಿದ್ದಿತ್ತು. ವಕೀಲರು, ಹತ್ತಿ ವ್ಯಾಪಾರಿಗಳು, ಡಾಕ್ಟರು, ಇಂಥಾ ದೊಡ್ಡ ಮಂದಿ ನಡುವ ಅಂಬಿಗರ ಮನಿಯಿಂದ ಹೋದವ ಅವನೊಬ್ಬನ. ಅತಿಥಿನ ಕರಿಯೋರು ದೊಡ್ಡವ್ರು, ಹಾರ ಹಾಕೋರು ದೊಡ್ಡವ್ರು, ಬಾಜೂಕ ಕುಂತು ಚಹಾ ಕುಡಿಯೋರೂ ದೊಡ್ಡವ್ರ. ಕಡೀಕ ಎಲ್ಲಾರೂ ಚಪ್ಪಲಿ ಹುಡುಕೋ ಹೊತ್ತಿನಾಗ ಎದ್ದು ನಿಂತು, ಅತಿಥಿ ಏನೇನು ಹೇಳಿದ್ರು ಅಂತ ಒಂದೊಂದಾಗಿ ಮತ್ತ ಹೇಳಿ, ಒಂದೊಂದಕ್ಕೂ ಆಭಾರ ಅನ್ನೋದು ಇವನ ಪಾಲು. ಒಂದೊಂದು ಆಭಾರಕ್ಕೂ ಮಂದಿ ಚಪ್ಪಾಳಿ ಹೊಡೀತಿತ್ತು. ಕೇಳಿ ಹೊಡೀತಿತ್ತು ಅಂತಲ್ಲ, ರೂಢಿ ಬಿದ್ದಿತ್ತು.

ನಿಜಾಮರ ರಾಜ್ಯ, ಜರ್ಮನಿ ಲಡಾಯಿ ನಡದ ದಿನ. ಶುಕ್ರವಾರ ಶಾಲಿ ಕಚೇರಿಗಿ ರಜಾ, ಅವತ್ತ ಸಂಜೀಕ ಸಭಾ. ಒಂದು ವಾರ ಹಲ್ಲು ತಿಕ್ಕೋದರ ಮ್ಯಾಲ ಭಾಷಣ, ಒಂದು ವಾರ ಆಕಳ ಸಾಕೋದರ ಮ್ಯಾಲ, ಮತ್ತೊಂದು ವಾರ ಕಾಶಿಗಿ ಹೋಗಿಬಂದವರ ಸುದ್ದಿ. ನಾಕು ಮಂದಿ ಕೂಡಿ ಮಾತಾಡಬೇಕಂದ್ರ ಪೊಲೀಸ್ ಅಮೀನಸಾಹೇಬರ ಇಜಾಜತ್, ಪರವಾನಗಿ, ಬೇಕಲ್ಲ? ಅವರು ಇಜಾಜತ್ ಕೊಟ್ಟಿದ್ದು ಒಂದು ಶರ್ತದ ಮ್ಯಾಲ. ಅತಿಥಿಗಿ ಯಾರೂ ಸವಾಲು ಕೇಳಂಗಿಲ್ಲ. ಸವಾಲು ಕೇಳಿದ್ರ ಅದು ರಾಜಕೀಯ ಆಗತದಂತ! ಅದನ್ನ ಕಾಯಾಕ ವಹಾಬ ಅನ್ನೋ ಪೊಲೀಸ್ ಜವಾನ ವಾರವಾರ ಬಂದು, ಹಿಂದಿನ ಕಂಬಕ್ಕ ಬೆನ್ನು ಹಚ್ಚಿ ಕುಂತು ತೂಕಡಿಸ್ತಿದ್ದ.

ಒಂದು ಬುಧವಾರ ಮಂಡಳಿ ಅಧ್ಯಕ್ಷ ಬಸವಂತ್ರಾಯ ವಕೀಲರು ತಾವ ಶಾಲಿ ತನಕ ಬಂದ್ರು.

"ಮಾಸ್ತರ, ಈ ಶುಕ್ರವಾರ ಭರ್ಜರಿ ಅತಿಥಿ ನೋಡಪಾ. ನರಸಿಂಗರಾವ ಸಾಹೇಬರು, ಪಿಂಚಣಿ ತಹಸೀಲ್ದಾರರು. ಹೋದ ವಾರ ಶಹಾಪುರದಾಗ ಮಾತಾಡ್ಯಾರ, ಬರೋ ವಾರ ಸುರಪುರ. ನಡುವ ನಮಗ ಸಿಕ್ಕಾರ. ನಿನ್ನ ಆಭಾರ ಜೋರ್ದಾರ ಆಗಬೇಕು."

ಹೆಸರು ಕೇಳಿದ್ದೇ ತಡ, ಮರಿಲಿಂಗಪ್ಪನ ಕೈಯಾನ ಬಳಪ ಮುರೀತು.

"ನಾ ಒಲ್ಲೆರಿ," ಅಂದ. "ಆ ಮನುಷ್ಯ ನಮ್ಮ ಮಾವನ್ನ ನುಂಗ್ಯಾನ."

"ಹಳೀ ಮಾತು ಬಿಡೋ. ಅದರ ಪಂಚನಾಮಾ ಆಗಿ ಮುಗದು ಹೋಗ್ಯಾದ. ದೊಡ್ಡವರ ಜೋಡಿ ಏನು ಹಟ ನಿಂದು?"

ವಕೀಲರು ಶಲ್ಯ ಝಾಡಿಸಿ ನಡದೇ ಬಿಟ್ರು. ಮುಗದು ಹೋಗ್ಯಾದಂತ! ಯಾರಿಗಿ ಮುಗದದ? ಮರಿಲಿಂಗಪ್ಪನ ಅಕ್ಕ ಅಯ್ಯಮ್ಮ, ಅಕಿ ಗಂಡ ಅಂಬಣ್ಣ, ಅಂವನ ಆ ಮಾವ. ಭೀಮಾ ಹೊಳಿಯೊಳಗ ಹರಿಗೋಲು ಹಾಕೋ ಅಂಬಿಗ. ತಾಯಿ ತಂದಿ ಇಲ್ಲದ ಮರಿಲಿಂಗಪ್ಪನ್ನ ಮನಿಯಾಗ ಇಟ್ಟುಕೊಂಡು, ದಿನಾ ಆಚಿ ದಂಡಿಯಿಂದ ಈಚಿ ದಂಡಿಗಿ ದಾಟಿಸಿ ಶಾಲಿ ಕಲಿಸಿದವ ಅಂವನ. ಒಂದು ಮಳಿಗಾಲ ಈ ನರಸಿಂಗರಾವ ಸಾಹೇಬ ತುಂಬಿದ ಹೊಳಿ ದಾಟಾಕ ಹೋದ. ಹರಿಗೋಲು ಮಗಚಿತು. ಸಾಹೇಬ ಬದುಕಿದ, ಅಂಬಣ್ಣ ಹೋದ. ಹೋದದ್ದಲ್ಲದ, ಸಾಹೇಬ ಹೇಳಿ ಬರಿಸಿದ್ದೇನು ಗೊತ್ತೇನು? ಅಂಬಿಗ ಕುಡದು ಅಮಲಿನಾಗ ಇದ್ದ, ಹರಿಗೋಲು ತಾನ ಮಗಚಿದ, ಮಗಚಿದ ಕೂಡ್ಲೆ ಮುಳುಗಿದ ಅಂತ.

ಹೆಂಡ ಅನ್ನೋದನ್ನ ಅಂಬಣ್ಣ ಮೂಸಿ ನೋಡಿದವನಲ್ಲ. ಆದರ ಸರಕಾರಿ ಮಾತು, ಊರು ನಂಬಿತು. ಹತ್ತಿ ಗಿರಣ್ಯಾಗ ಕೂಲಿಗಿ ಹೋದ ಅಯ್ಯಮ್ಮಗ ಕುಡುಕನ ಹೆಂಡ್ತಿ ಅಂತ ಹೆಸರು ಬಿತ್ತು. ಗಿರಣ್ಯಾಗ ಅಯ್ಯಮ್ಮಗಳು ಮಸ್ತ ಮಂದಿ ಇದ್ರು. ಯಾವ ಅಯ್ಯಮ್ಮ ಅಂದ್ರ, ಕುಡುಕನ ಹೆಂಡ್ತಿ ಅಯ್ಯಮ್ಮ. ಇಷ್ಟು ವರ್ಷ ಆದ ಮ್ಯಾಲೂ ಅದ ಗುರುತು.

ಅವತ್ತ ಸಂಜೀಕ ಮರಿಲಿಂಗಪ್ಪ ಅಕ್ಕನ ಮುಂದ ಎಲ್ಲಾ ಒದರಿಬಿಟ್ಟ. "ನಾ ಹೋಗಂಗಿಲ್ಲ. ಆ ಹಲ್ಕಟ್ಟಗ ಆಭಾರ ಅನ್ನೋ ಬದಲಿ ನಾಲಿಗಿ ಕತ್ತರಿಸಿ ಒಗೀತೀನಿ."

ಅಯ್ಯಮ್ಮ ರೊಟ್ಟಿ ಬಡಿಯೋದು ಬಿಡಲಿಲ್ಲ. "ಯಾಕ ಹೋಗಂಗಿಲ್ಲ? ಅಂವ ಮಾತಾಡಿದ ಮ್ಯಾಲ ಬಾಯಿ ತಗಿಯಾಕ ಹಕ್ಕು ಇರೋದು ನಿನಗೊಬ್ಬಗ. ನಿಮ್ಮ ಮಾವ ಕುಡದಿದ್ದಿಲ್ಲ ಅಂತ ಅವನ ಬಾಯಿಲೆ ಬರಬೇಕು ತಮ್ಮಾ. ಮಂದಿ ಮುಂದ ಬರಬೇಕು. ನನಗ ಬ್ಯಾರೆ ಏನೂ ಬ್ಯಾಡ."

"ಸವಾಲು ಕೇಳಂಗಿಲ್ಲಕ್ಕಾ."

"ಏನಾರ ಮಾಡು. ನಾನೂ ಬರ್ತೀನಿ."

ಶುಕ್ರವಾರ ಜಾಗ ಸಾಲದಷ್ಟು ಮಂದಿ ಕೂಡಿತು. ಹೆಣ್ಮಕ್ಕಳು ಹಿಂದ ಪಡಸಾಲ್ಯಾಗ, ಅವರೊಳಗ ಅಯ್ಯಮ್ಮ. ಸಾಹೇಬರು ಶೇರವಾನಿ ಹಾಕ್ಕೊಂಡು, ಮೀಸಿ ತೀಡಿಕೊಂಡು ಕುಂತಿದ್ರು. ಭಾಷಣದ ವಿಷಯ ಏನಂತ ಕೇಳ್ರಿ: ಕರ್ತವ್ಯ!

ಮಾತಿನ ಮನುಷ್ಯ, ಸುಳ್ಳಲ್ಲ. ಊರೂರಿಗಿ ಅದ ಕಥಿ ಹೇಳಿ ಹೇಳಿ ರುಚಿ ಹಚ್ಚಿದ್ದ. ಎಲ್ಲಿ ಮಂದಿ ಹಾ ಅಂತದ, ಎಲ್ಲಿ ಚಪ್ಪಾಳಿ ಬೀಳತದ, ಎಲ್ಲಾ ಗೊತ್ತಿತ್ತು. ಒಂದೊಂದು ಊರಾಗ ಒಂದೊಂದು ಒಗ್ಗರಣಿ ಹಾಕ್ಕೋತ ಬಂದವ, ಪಂಚನಾಮಾದಾಗ ತಾನ ಏನು ಬರಿಸಿದ್ದೆ ಅನ್ನೋದನ್ನ ಮರ್ತಬಿಟ್ಟಿದ್ದ.

"ಭೀಮಾ ಎರಡೂ ದಂಡಿ ತುಂಬಿ ಬಂದಿತ್ತು," ಅಂದ್ರು ಸಾಹೇಬರು. "ನೀರು ಕೆಂಪಗ ಕುದೀತಿತ್ತು. ಅಂಬಿಗ ನನ್ನ ಕಾಲು ಹಿಡಕೊಂಡ. ಬ್ಯಾಡ್ರಿ ಸಾಹೇಬ್ರ, ಹೊಸಾ ನೀರು ಬಂದದ, ಸುಳಿ ಎಲ್ಲಿ ಅದ ಅಂತ ನನಗೂ ತಿಳಿಯಂಗಿಲ್ಲ, ನಾಳಿ ದಾಟಿಸ್ತೀನಿ ಅಂತ ಅತ್ತ. ಸರಕಾರಿ ಕೆಲಸ ನಾಳಿ ಅನ್ನಂಗಿಲ್ಲಲೇ ಅಂದೆ! ಕುದರಿ ಹೊಡಿಯೋ ಚಾಬೂಕ ತೋರಿಸಿದೆ. ಹತ್ತಿದ."

ಚಪ್ಪಾಳಿ ಬಿತ್ತು. ಮರಿಲಿಂಗಪ್ಪ ಕುರ್ಚಿ ಹಿಡಿ ಗಟ್ಟಿ ಹಿಡಕೊಂಡ. ಕಾಲು ಹಿಡದನಂತ. ಬ್ಯಾಡ ಅಂದನಂತ. ಅಂದ್ರ?

"ನಡುಹೊಳ್ಯಾಗ ಹರಿಗೋಲು ಮಗಚಿತು. ನನಗ ಈಸು ಬರಂಗಿಲ್ಲ. ಅಂಬಿಗ ನನ್ನ ಕೊರಳಪಟ್ಟಿ ಹಿಡದು ದಂಡಿಗಿ ಎಳದು ಹಾಕಿದ. ಬಾಯಾಗ ನೀರು, ಮೂಗಿನಾಗ ನೀರು. ಅಂಥಾದರಾಗೂ ನಾ ಏನಂದೆ ಗೊತ್ತದೇನು? ಪೆಟ್ಟಿಗಿ! ಸರಕಾರಿ ಕಾಗದದ ಪೆಟ್ಟಿಗಿ! ಹೋಗು, ತಗೊಂಡು ಬಾ ಅಂದೆ. ಹೋದ. ತೇಲಿ ಹೊಂಟ ಪೆಟ್ಟಿಗಿ ನೂಕ್ಕೋತ ದಂಡಿ ತನಕ ತಂದ. ನಾ ಬಗ್ಗಿ ಎರಡೂ ಕೈಲೆ ಪೆಟ್ಟಿಗಿ ಎಳಕೊಂಡೆ. ಒಳಗ ಒಂದು ಕಾಗದ ತೊಯ್ದಿದ್ದಿಲ್ಲ! ಇದು ಕರ್ತವ್ಯ!"

ಏನು ಚಪ್ಪಾಳಿ, ಏನು ಚಪ್ಪಾಳಿ! ಹಿಂದ ಪಡಸಾಲಿಯಿಂದ ಒಂದು ದನಿ ಬಂತು, ಹೊಟ್ಟಿಗಿ ಯಾರೋ ಒದ್ದಂಗ. ಮರಿಲಿಂಗಪ್ಪಗೊಬ್ಬಗ ಕೇಳಿಸ್ತು. ಅಕ್ಕನ ದನಿ ಅದು. ಇಷ್ಟು ವರ್ಷ ಮುಳುಗಿ ಸತ್ತ ಅಂತ ನಂಬಿದ್ರು. ಅಂವ ದಂಡಿ ಮುಟ್ಟಿದ್ದ! ಬದುಕಿ ದಂಡಿ ಮುಟ್ಟಿದವನ್ನ ಮತ್ತ ಹೊಳಿಯೊಳಗ ಅಟ್ಟಿದ್ದ ಈ ಸೂಳಿಮಗ, ಒಂದು ಕಟ್ಟಿಗಿ ಪೆಟ್ಟಿಗಿ ಸಲುವಾಗಿ. ಮರಿಲಿಂಗಪ್ಪನ ಮೈಯೆಲ್ಲಾ ಉರಿ ಹತ್ತಿತು. ಅಲ್ಲೇ ಎದ್ದು ಆ ಮೀಸಿ ಹಿಡದು ಜಗ್ಗಬೇಕು ಅನಿಸ್ತು. ಹಲ್ಲು ಕಚ್ಚಿ ಕುಂತ.

ಭಾಷಣ ಮುಗೀತು. ಮಂದಿ ಚಪ್ಪಲಿ ಕಡಿ ನೋಡಾಕ ಹತ್ತಿತು. ಮರಿಲಿಂಗಪ್ಪ ಎದ್ದ.

"ಹೊಳಿ ಎರಡೂ ದಂಡಿ ತುಂಬಿತ್ತು ಅಂತ ಸಾಹೇಬರು ಹೇಳಿದ್ರು. ಈ ಮಾತಿಗಿ ಮಂಡಳಿ ಪರವಾಗಿ ಆಭಾರ."

ಚಪ್ಪಾಳಿ.

"ಅಂಬಿಗ ಕಾಲು ಹಿಡದು ಬ್ಯಾಡ ಅಂದ, ಹೊಸಾ ನೀರು ಗುರುತು ಹಿಡದ ಅಂತ ಹೇಳಿದ್ರು. ಕುಡದವಗ ನೀರಿನ ಗುರುತು ಹತ್ತಂಗಿಲ್ರಿ. ಅಂಬಿಗ ಎಚ್ಚರಿದ್ದ ಅಂತ ಸಾಹೇಬರು ತಮ್ಮ ಬಾಯಿಲೆ ಹೇಳಿದ್ರು. ಅದಕ್ಕ ಆಭಾರ."

ಚಪ್ಪಾಳಿ ಬಿತ್ತು, ಅರ್ಧಕ್ಕ ನಿಂತಿತು. ಚಪ್ಪಲಿ ಹುಡುಕಾಕತ್ತಿದ್ದವರು ತಲಿ ಎತ್ತಿದ್ರು.

"ಚಾಬೂಕ ತೋರಿಸಿ ಹತ್ತಿಸಿದೆ ಅಂದ್ರು. ಆಭಾರ. ಅಂಬಿಗ ತಮ್ಮನ್ನ ದಂಡಿಗಿ ಎಳದು ಹಾಕಿದ ಅಂದ್ರು. ಆಭಾರ. ಮಗಚಿದ ಕೂಡ್ಲೆ ಮುಳುಗಿದ ಅಂತ ಪಂಚನಾಮಾ ಬರಿಸಿದವರು ಅವರ, ದಂಡಿ ಮುಟ್ಟಿದ್ದ ಅಂತ ಇವತ್ತ ಹೇಳಿದವರೂ ಅವರ. ಎರಡಕ್ಕೂ ಆಭಾರ ಹೇಳಾಕ ಬರಂಗಿಲ್ಲ, ಒಂದಕ್ಕ ಹೇಳ್ತೀನಿ."

ಸಾಹೇಬರ ಮಾರಿ ಕಪ್ಪಿಟ್ಟಿತು. ಬಸವಂತ್ರಾಯ ವಕೀಲರು ಕುರ್ಚಿಯಿಂದ ಅರ್ಧ ಎದ್ದು, ಹಿಂದಿನ ಕಂಬದ ಕಡಿ ಕೈ ಮಾಡಿ ಒದರಿದ್ರು, "ಏ ವಹಾಬ! ಏನು ನೋಡ್ತಿ? ಬಂದ ಮಾಡಸು!"

ವಹಾಬನ ತೂಕಡಿಕಿ ಎಂದೋ ಹಾರಿತ್ತು. ಅಂವ ಕುಂತಲ್ಲೇ ಅಂದ, "ಹ್ಯಾಂಗ ಮಾಡಸಲಿ ವಕೀಲಸಾಬ? ಸವಾಲು ಕೇಳಂಗಿಲ್ಲ ಅಂತ ಹುಕುಮ್ ಅದ. ಮಾಸ್ತರ ಸವಾಲು ಕೇಳಿಲ್ಲಲ್ರಿ. ಆಭಾರ ಮನ್ನಿಸಾಕತ್ತಾರ."

"ಕಡೀ ಆಭಾರ," ಅಂದ ಮರಿಲಿಂಗಪ್ಪ. "ಸಾಹೇಬರು ಬಗ್ಗಿ ಎರಡೂ ಕೈಲೆ ಪೆಟ್ಟಿಗಿ ಎಳಕೊಂಡ್ರಂತ. ಎರಡೂ ಕೈಲೆ. ಪೆಟ್ಟಿಗಿ ನೂಕಿಕೊಂಡು ಬಂದವ ಅಲ್ಲೇ, ಪೆಟ್ಟಿಗಿ ಹಿಂದ, ನೀರಾಗ ಇದ್ದ. ಅವನ ಪಾಲಿಗಿ ಕೈ ಉಳೀಲಿಲ್ಲ. ಇದನ್ನ ನಮಗ ಯಾರೂ ಹೇಳಿದ್ದಿಲ್ಲ. ಹೇಳಿದ್ದಕ್ಕ, ನಮ್ಮ ಅಕ್ಕನ ಪರವಾಗಿ, ಆಭಾರ."

ಯಾರೂ ಚಪ್ಪಾಳಿ ಹೊಡೀಲಿಲ್ಲ. ಸಾಹೇಬರು ಎದ್ದು ನಿಂತ್ರು. "ಯಾರಿವನು? ಆ ಕುಡು..." ಅಂದವರು ನಡುವ ತಡದ್ರು. ಈಗಷ್ಟ ತಾವ ಮಂದಿ ಮುಂದ ಹೇಳಿದ್ದು ನೆನಪಾತು. "ಆ ಅಂಬಿಗ ಯಾರೋ, ಅವನ ಹೆಸರು ಸೈತ ನನಗ ನೆನಪಿಲ್ಲ!" ಅಂತ ಉಗುಳಿ, ಕೊರಳಾಗಿನ ಹಾರ ಕಿತ್ತಿ ಒಗದು, ಮೋಟಾರ ಹತ್ತಿ ಹೋದ್ರು.

ಮರುದಿನ ಮರಿಲಿಂಗಪ್ಪನ್ನ ಮಂಡಳಿಯಿಂದ ತಗದ್ರು. ಶಾಲಿಗಿ ಬರಬ್ಯಾಡ ಅಂತಾನೂ ಹೇಳಿ ಕಳಿಸಿದ್ರು. ಅಂವಗ ಅದರ ಚಿಂತಿ ಇದ್ದಿಲ್ಲ. ಹೆಸರು ನೆನಪಿಲ್ಲಂತ! ತನ್ನ ಜೀವ ಉಳಿಸಿದವನ ಹೆಸರು! ಮನಿಯಾಗ ಅತ್ತ ಇತ್ತ ತಿರಗ್ಯಾಡಿ ಬೈದ.

ಅಯ್ಯಮ್ಮ ಬೈಲಿಲ್ಲ, ಅಳಲಿಲ್ಲ. ದಿನಾ ಗಿರಣಿಗಿ ಹೋಗಿ ಬರತಿದ್ದಳು. ಗುರುವಾರ ರೊಟ್ಟಿ ಕಟ್ಟಿದಳು.

"ಎಲ್ಲಿಗಕ್ಕಾ?"

"ನಾಳಿ ಅಂವ ಸುರಪುರದಾಗ ಮಾತಾಡ್ತಾನಲ್ಲ. ಕುಡದಿದ್ದಿಲ್ಲ ಅಂತ ಅವನ ಬಾಯಿಲೆ ಇನ್ನಾ ಬಂದಿಲ್ಲ. ಹೆಸರು ಬ್ಯಾರೆ ಮರ್ತಾನಂತ."

"ಅಲ್ಲಿ ಆಭಾರ ನಂದಲ್ಲಲ್ಲ? ನನ್ನ ಯಾರು ಮಾತಾಡಗೊಡ್ತಾರ?"

"ನೀ ಸುಮ್ಮನ ಬಾ," ಅಂದಳು.

ಸುರಪುರದ ಮಂಡಳಿಯವರು ಹೊಸದಾಗಿ ಕೂಡಿದವರು, ಭಾಳ ಹುರುಪು. ಜಮಖಾನಿ ಹಾಸಿದ್ರು. ಅಯ್ಯಮ್ಮ ಹೋಗಿ ಎಲ್ಲಾರಕಿಂತ ಮುಂದ, ಸಾಹೇಬರ ಕುರ್ಚಿ ಎದುರಿಗೇ ಕುಂತಳು. ಹೆಣ್ಮಕ್ಕಳು ಹಿಂದ ಕುಂದರಬೇಕು ಅಂತ ಯಾರೋ ಹೇಳಿದ್ರು. ಕೇಳಿಸಲಾರದಂಗ ಕುಂತಳು. ಮರಿಲಿಂಗಪ್ಪ ಗ್ವಾಡಿ ಹಿಡದು ನಿಂತ.

ಸಾಹೇಬರು ಎದ್ರು. ಎದುರಿನ ಹೆಂಗಸಿನ ಗುರುತು ಅವರಿಗಿ ಸಿಗಲಿಲ್ಲ. ಗ್ವಾಡಿ ಕಡಿ ನೋಡಿದ್ರು, ಮರಿಲಿಂಗಪ್ಪನ ಗುರುತು ಸಿಕ್ಕಿತು. ಕರ್ತವ್ಯ ಅಂತ ಸುರು ಮಾಡಿದವರು ಬೆಳಿಗ್ಗೆ ಲಗೂ ಏಳಬೇಕು, ದೊಡ್ಡವರಿಗಿ ಮರ್ಯಾದಿ ಕೊಡಬೇಕು ಅಂತ ಏನೇನೋ ಹೇಳಿ ಕುಂತಬಿಟ್ರು. ಮಂದಿ ಮಾರಿ ಸಪ್ಪಗಾತು.

ಅಲ್ಲಿನ ಅಧ್ಯಕ್ಷರು ಅಯ್ಯಣ್ಣ ಅಂತ, ಪಾಪ, ಅವರಿಗೇನು ಗೊತ್ತು? ನಗುತ ಕೈ ಮುಗದು ಕೇಳಿದ್ರು, "ಸಾಹೇಬ್ರ, ಆ ಹೊಳಿ ದಾಟಿದ ಕಥಿ ಹೇಳ್ರಿ. ಶಹಾಪುರದ ಮಂದಿ ಅದನ್ನ ಭಾಳ ಹೊಗಳ್ಯಾರ. ನಾವೆಲ್ಲಾ ಅದಕ್ಕ ಬಂದೇವಿ."

ಸಾಹೇಬರು ನೀರು ಕುಡದ್ರು. "ಭಾಳ ವರ್ಷದ ಮಾತು. ಈಗ ನೆನಪಿಲ್ಲ," ಅಂದ್ರು.

"ನನಗ ನೆನಪದ್ರಿ," ಅಂದಳು ಅಯ್ಯಮ್ಮ.

ಎದ್ದಳು. ಸೆರಗು ಬಿಗಿ ಮಾಡಿಕೊಂಡು, ಸಾಹೇಬರ ಕುರ್ಚಿ ಬಾಜೂಕ ಹೋಗಿ ಮಂದಿ ಕಡಿ ತಿರುಗಿದಳು. ಸಾಹೇಬರು ಅಕಿನ್ನ ಮ್ಯಾಲ ಕೆಳಗ ನೋಡಿದ್ರು, ಆಗ ಯಾರಕಿ ಅನ್ನೋದು ಹೊಳೀತು ಅಂತ ಕಾಣತದ, ಕುರ್ಚಿ ಹಿಂದಕ್ಕ ಸರಿಸಿದ್ರು. ಮರಿಲಿಂಗಪ್ಪ ಗ್ವಾಡಿ ಬಿಟ್ಟು ಎರಡು ಹೆಜ್ಜಿ ಮುಂದ ಬಂದ. ಅಕ್ಕ ಏನು ಹೇಳ್ಯಾಳು? ಲಗ್ನ ಆದಾಗಿಂದ ಅಕಿ ಗಂಡನ ಹೆಸರು ನಾಲಿಗಿ ಮ್ಯಾಲ ತಂದಕಿ ಅಲ್ಲ. ಅವರು ಅಂತಿದ್ದಳು, ನಿಮ್ಮ ಮಾವ ಅಂತಿದ್ದಳು. ಸತ್ತ ದಿನ ಸೈತ ಹೆಸರು ಹಿಡದು ಅತ್ತಿದ್ದಿಲ್ಲ. ಯಾವ ಮನಿಯಾಗ ಯಾವ ಹೆಣ್ಣುಮಗಳು ಗಂಡನ ಹೆಸರು ಹೇಳ್ತಾಳ?

"ನನ್ನ ಗಂಡನ ಹೆಸರು ಅಂಬಣ್ಣ," ಅಂದಳು ಅಯ್ಯಮ್ಮ, ಹಿಂದಿನ ಸಾಲಿನವರಿಗೂ ಕೇಳೂವಂಗ. "ಅಂಬಣ್ಣ ಕುಡದಿದ್ದಿಲ್ಲ. ಹೇಳ್ತೀನಿ, ಕೇಳ್ರಿ."