ಎಡಗಡೆಯ ಅಳತೆ

ಜೇವರ್ಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಶಿವಕಾಂತಾಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಮಾಡಲು ಬರುತ್ತಿತ್ತು. ಅವಳ ಅಪ್ಪ ಅಣ್ಣಾರಾಯ ಕಲಬುರಗಿಯ ಗ್ಯಾರೇಜೊಂದರಲ್ಲಿ ನೆಗ್ಗಿದ ಗಾಡಿಗಳ ತಗಡು ಬಡಿದು ನೆಟ್ಟಗೆ ಮಾಡುತ್ತಿದ್ದವನು. ಅವನು ಸತ್ತಾಗ ಅವಳ ಪಾಲಿಗೆ ಬಂದದ್ದು ಎರಡು ಸುತ್ತಿಗೆ, ಒಂದು ತಗಡಿನ ಕತ್ತರಿ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಅವಳು ಗೇಣಿಗೂ ಚಿಕ್ಕದಾದ ಕಾರುಗಳನ್ನು ಮಾಡುತ್ತಿದ್ದಳು. ನಿಜವಾದ ಗಾಡಿಯ ಒಂದು ಅಡಿಗೆ ಅರ್ಧ ಇಂಚು, ಅದು ಅವಳ ಲೆಕ್ಕ. ಹವಾಯಿ ಚಪ್ಪಲಿಯ ರಬ್ಬರಿನಿಂದ ಗಾಲಿ, ತೊಳೆದ ಎಕ್ಸ್‌ರೇ ಹಾಳೆಯಿಂದ ಗಾಜು. ಬಣ್ಣವನ್ನು ತೆಳ್ಳಗೆ ಐದಾರು ಸಲ ಬಳಿದು, ಪ್ರತಿ ಸಲವೂ ಒಣಗಿಸಿ ಉಜ್ಜುತ್ತಿದ್ದಳು. ಜಾಗಕ್ಕೆ ಹೋಗಿ ಅಳತೆ ತೆಗೆಯದೆ ಅವಳು ಯಾವ ಗಾಡಿಯನ್ನೂ ಮಾಡಿದವಳಲ್ಲ.

ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಿದ್ದ ದೌಲತರಾಯ ಅಲ್ಲಿ ಪ್ರದರ್ಶನಕ್ಕಿಟ್ಟಿದ್ದ ಆ ಕಾರುಗಳನ್ನು ನೋಡಿ, ತನ್ನ ಅಂಬಾಸಿಡರ್ ಗಾಡಿಯದೂ ಒಂದು ಆಗಬೇಕೆಂದ. ಊರಿನ ತೊಗರಿಬೇಳೆ ಮಿಲ್ಲು ಅವನದು. ಶಾಲೆಯ ಆಡಳಿತ ಮಂಡಳಿಯಲ್ಲೂ ಅವನ ಮಾತೇ ಕೊನೆಯದು. ಮಗ ಜಗದೇವನ ಮದುವೆ ಗೊತ್ತಾಗಿದೆ, ಹಜಾರದ ಗಾಜಿನ ಕಪಾಟಿನಲ್ಲಿ ಇಡಬೇಕು ಎಂದು ಹೇಳಿದ. ಶಿವಕಾಂತಾಗೆ ಹಿಗ್ಗಾಯಿತು. ಅವಳ ಕೆಲಸವನ್ನು ಯಾರಾದರೂ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ಹೋಳಿ ಹುಣ್ಣಿವೆ ಕಳೆದ ಮೊದಲ ರವಿವಾರ ಟೇಪು, ನೋಟುಬುಕ್ಕು ಹಿಡಿದು ಅವಳು ಮಿಲ್ಲಿನ ಆವರಣಕ್ಕೆ ಹೋದಳು. ಬೇವಿನ ಮರದ ಕೆಳಗೆ ಕೆನೆಬಣ್ಣದ ಗಾಡಿ ನಿಂತಿತ್ತು. ಇಪ್ಪತ್ತು ವರ್ಷದಿಂದ ಆ ಮನೆಯ ಡ್ರೈವರ್ ಆಗಿದ್ದ ಹುಸೇನಸಾಬ ಟೇಪಿನ ಒಂದು ತುದಿ ಹಿಡಿದುಕೊಂಡ. ಮುಂಭಾಗ, ಬಲಗಡೆ, ಹಿಂಭಾಗ ಮುಗಿಯುವವರೆಗೆ ಸರಿಯಾಗಿದ್ದ. ಅವಳು ಎಡಗಡೆಗೆ ಹೊರಳಿದಾಗ ಟೇಪು ಬಿಟ್ಟುಬಿಟ್ಟ.

"ಆ ಕಡಿದು ಬ್ಯಾಡ್ರಿ ಅಕ್ಕೋರೆ. ಎರಡೂ ಕಡಿ ಒಂದೇ ಇರ್ತಾವ," ಎಂದ.

ಅವಳು ನಕ್ಕು, ಒಂದೇ ಇರುವುದಿಲ್ಲ ಎಂದು ತನ್ನ ಅಪ್ಪ ಹೇಳುತ್ತಿದ್ದ ಅಂದಳು. ಒಬ್ಬಳೇ ಕೂತು ಅಳೆದಳು. ಎಡಗಡೆಯ ಮುಂಗಾಲಿಯ ಮೇಲಿನ ಮಡ್‌ಗಾರ್ಡು ಬಲಗಡೆಯದಕ್ಕಿಂತ ಮುಕ್ಕಾಲು ಇಂಚು ಒಳಗಿತ್ತು. ಮತ್ತೊಮ್ಮೆ ಅಳೆದರೂ ಅಷ್ಟೇ. ಬಣ್ಣವೂ ಬೇರೆ. ಉಳಿದ ಗಾಡಿ ಬಿಸಿಲಿಗೆ ಹಳದಿಗೆ ತಿರುಗಿತ್ತು, ಅದೊಂದು ಭಾಗ ಮಾತ್ರ ಹಾಲಿನಂತೆ ಹೊಸದು. ಗಾಲಿಯ ಹಿಂದೆ ಕೈ ಹಾಕಿ ತಗಡಿನ ಒಳಮೈ ಸವರಿದಾಗ ಬೆರಳಿಗೆ ಸಾಲುಸಾಲಾಗಿ ಸುತ್ತಿಗೆಯ ಗುರುತುಗಳು ಸಿಕ್ಕಿದವು. ಅಂಥ ಗುರುತುಗಳನ್ನು ಅವಳು ಚಿಕ್ಕಂದಿನಿಂದ ಬಲ್ಲಳು. ಬಗ್ಗಿ ನೋಡಿದಳು. ಬಂಪರಿನ ಹಿಂದೆ, ಗ್ರೀಸು ಮೆತ್ತಿದ ಬೋಲ್ಟಿಗೆ ನಾಲ್ಕೆಳೆ ಕರಿ ಉಣ್ಣೆ ಸುತ್ತಿಕೊಂಡಿತ್ತು.

ಅವಳು ಕೈ ಹಿಂದಕ್ಕೆಳೆದುಕೊಂಡಳು. ಎರಡೂವರೆ ತಿಂಗಳ ಹಿಂದೆ, ಎಳ್ಳಮಾಸಿಯ ದಿನ ನೆಲೋಗಿಯ ರಸ್ತೆಯಲ್ಲಿ ಕುರಿ ಕಾಯುವ ಬೀರಣ್ಣ ಸತ್ತುಬಿದ್ದಿದ್ದ. ಯಾವುದೋ ಲಾರಿ ಹೊಡೆದು ಹೋಗಿದೆ ಎಂದು ಎಲ್ಲರೂ ಅಂದರು, ಪೊಲೀಸರ ಕಾಗದದಲ್ಲೂ ಹಾಗೆಯೇ ಆಯಿತು. ಅವನ ಕರಿ ಕಂಬಳಿ ಹೆಣದಿಂದ ಇಪ್ಪತ್ತು ಮಾರು ಆಚೆ ಹರಿದು ಬಿದ್ದಿತ್ತಂತೆ. ಇದನ್ನು ಹೇಳಿದ್ದವಳು ಬೀರಣ್ಣನ ಹೆಂಡತಿ ಮಾಣಿಕಮ್ಮನೇ. ಅವಳು ವಾರಕ್ಕೊಮ್ಮೆ ಶಿವಕಾಂತಾಳ ಮನೆಗೆ ತುಪ್ಪ ತರುತ್ತಿದ್ದಳು. ಎಳ್ಳಮಾಸಿಗೆ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ದೌಲತರಾಯನ ಮನೆಯವರೂ ನೆಲೋಗಿಯ ತಮ್ಮ ಹೊಲಕ್ಕೆ ಹೋಗಿದ್ದರು. ಅದು ಊರಿಗೆಲ್ಲ ಗೊತ್ತಿದ್ದ ಮಾತು.

ಎದ್ದು ನಿಂತಾಗ ಹುಸೇನಸಾಬ ಅವಳ ಮುಖವನ್ನೇ ನೋಡುತ್ತಿದ್ದ. ತಾನೂ ಬಂಪರಿನ ಹಿಂದೆ ಬಗ್ಗಿದ. ಹೆಗಲ ಮೇಲಿನ ವಸ್ತ್ರದಿಂದ ಆ ಬೋಲ್ಟನ್ನು ನಿಧಾನವಾಗಿ ಒರೆಸಿದ.

ಎರಡು ವಾರ ಶಿವಕಾಂತಾ ತಗಡು ಬಡಿದಳು. ಎಡಗಡೆಯನ್ನು ಬಲಗಡೆಯಂತೆಯೇ ಮಾಡಿಬಿಡಬೇಕೆಂದು ದಿನಾ ಅಂದುಕೊಂಡಳು. ಆದರೆ ಕೈ ಕೇಳಲಿಲ್ಲ. ಪುಟ್ಟ ಕಾರಿನಲ್ಲಿ ಆ ಮುಕ್ಕಾಲು ಇಂಚು ನೂಲೆಳೆಯಷ್ಟಾಗುತ್ತಿತ್ತು. ಆ ನೂಲೆಳೆಯನ್ನೂ ಅವಳ ಸುತ್ತಿಗೆ ಮೂಡಿಸದೆ ಬಿಡಲಿಲ್ಲ.

ಬಣ್ಣ ಬಳಿಯುವ ಮೊದಲೇ ಒಂದು ಸಂಜೆ ದೌಲತರಾಯ ತಾನೇ ಮನೆಗೆ ಬಂದ. ಶಿವಕಾಂತಾಳ ಅವ್ವ ಚಹಾ ಕೊಟ್ಟು ಒಳಗೆ ಹೋದಳು. ಅವನು ಬರಿ ತಗಡಿನ ಕಾರನ್ನು ಅಂಗೈ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಬಲಗಡೆ ಸವರಿದ, ಆಮೇಲೆ ಎಡಗಡೆ ಸವರಿದ. ಹೆಬ್ಬೆರಳು ಅಲ್ಲೇ ನಿಂತಿತು.

"ಇಲ್ಲಿ ಸೊಟ್ಟ ಆಗೇದಲ್ರಿ."

"ಗಾಡಿ ಹಂಗೇ ಅದರಿ," ಎಂದಳು. ತಡೆಯುವ ಮೊದಲೇ ಮಾತು ಬಾಯಿಂದ ಹೊರಬಿದ್ದಿತ್ತು.

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಅವಳಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಚಹಾ ಪೂರ್ತಿ ಕುಡಿದು ಕಪ್ಪು ಬಸಿ ಕೆಳಗಿಟ್ಟ. "ಗಾಡಿ ಹೆಂಗಿತ್ತೋ ಹಂಗ ಮಾಡ್ರಿ ಅಕ್ಕೋರೆ. ಈಗ ಹೆಂಗದನೋ ಹಂಗ ಬ್ಯಾಡ," ಎಂದ. ಆಮೇಲೆ ಅವ್ವನ ಆರೋಗ್ಯ ವಿಚಾರಿಸಿದ. ಅಮಾಸಿಗೊಮ್ಮೆ ಅವರು ಜಿಡಗಾ ಮಠಕ್ಕೆ ಒಬ್ಬರೇ ಹೋಗುತ್ತಾರಲ್ಲ, ಆಳಂದದಲ್ಲಿ ಬಸ್ಸು ಬದಲಿಸುವಾಗ ದಾರಿ ದಾಟುವುದು ಮುದುಕರಿಗೆ ಕಷ್ಟ ಎಂದ. ಅವ್ವ ಎಲ್ಲಿ ಬಸ್ಸು ಬದಲಿಸುತ್ತಾಳೆಂಬುದು ಅವನಿಗೆ ಹೇಗೆ ಗೊತ್ತು? ಹೋಗುವಾಗ ಮೇಜಿನ ಮೇಲಿದ್ದ ನೋಟುಬುಕ್ಕನ್ನು ಕೇಳದೆಯೇ ಎತ್ತಿಕೊಂಡು ಹೋದ.

ಮರುದಿನ ಶಾಲೆಗೆ ರಜೆ ಹಾಕಿ ಅವಳು ನೆಲೋಗಿಯ ಬಸ್ಸು ಹತ್ತಿದಳು. ಮಾಣಿಕಮ್ಮ ಅಂಗಳದಲ್ಲಿ ಕುಳ್ಳು ತಟ್ಟುತ್ತಿದ್ದಳು. ಶಿವಕಾಂತಾ ಹೇಳಿದ್ದನ್ನೆಲ್ಲ ಕೇಳಿ ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು.

"ಲಾರಿ ಅಲ್ಲಂತ ನನಗ ಅವತ್ತೇ ಅನಿಸಿತ್ರಿ," ಎಂದಳು. "ಹೇಳಿದ್ರ ನಂಬವ್ರು ಯಾರ್ರಿ? ನೀವು ಬಾಜೂಕ ಇದ್ರ ನಾ ಬರ್ತೇನಿ."

ಇಬ್ಬರೂ ಕಲಬುರಗಿಗೆ ಹೋಗಿ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರನ್ನು ಕಂಡರು. ಶಿವಕಾಂತಾ ತಗಡಿನ ಕಾರನ್ನು ಅವರ ಮೇಜಿನ ಮೇಲಿಟ್ಟಳು. ನೋಟುಬುಕ್ಕು ಹೋಗಿದ್ದರೂ ಅಳತೆಗಳೆಲ್ಲ ಬಾಯಿಪಾಠವಾಗಿದ್ದವು, ಒಂದೊಂದಾಗಿ ಹೇಳಿ ಬರೆಸಿದಳು. ಅಧಿಕಾರಿ ಒಳ್ಳೆಯವರು. ನಾಲ್ಕನೆಯ ದಿನ ಅಂಬಾಸಿಡರನ್ನು ಜಪ್ತಿ ಮಾಡಿಸಿದರು. ಹೊಸ ಬಣ್ಣ ಕೆರೆದಾಗ ನೆಗ್ಗಿದ ತಗಡು ಕಂಡಿತು. ಸಂದಿಯಲ್ಲಿ ಇನ್ನಷ್ಟು ಉಣ್ಣೆಯೂ ಸಿಕ್ಕಿತು. ಶಿವಕಾಂತಾ ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಉಂಡಳು.

ಅದಾದ ಎರಡನೆಯ ದಿನ ಹುಸೇನಸಾಬ ತಾನಾಗಿ ಹೋಗಿ ಒಪ್ಪಿಕೊಂಡ. ಗಾಡಿ ಓಡಿಸುತ್ತಿದ್ದವನು ತಾನೇ, ಒಬ್ಬನೇ ಇದ್ದೆ, ಹೆದರಿ ಮಾಲಕರಿಗೂ ತಿಳಿಸದೆ ಹೊರಗಡೆ ರಿಪೇರಿ ಮಾಡಿಸಿದೆ ಎಂದ. ನ್ಯಾಯಾಲಯದಲ್ಲೂ ಅದನ್ನೇ ಹೇಳಿದ. ತಪ್ಪೊಪ್ಪಿಗೆಯಿಂದ ಪ್ರಕರಣ ಬೇಗ ಮುಗಿದು ಒಂದೂವರೆ ವರ್ಷ ಜೈಲಾಯಿತು. ಅಷ್ಟಾದರೂ ಆಯಿತಲ್ಲ ಎಂದು ಮಾಣಿಕಮ್ಮ ಸುಮ್ಮನಾದಳು. ಶಿವಕಾಂತಾ ಆಗಲಿಲ್ಲ. ಬೋಲ್ಟು ಒರೆಸಿದ ಆ ಕೈ ಅವಳ ಕಣ್ಣ ಮುಂದಿನಿಂದ ಹೋಗಲಿಲ್ಲ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಹುಸೇನಸಾಬನ ಹೆಂಡತಿ ಗೌಸಿಯಾಬೇಗಂ ಬಂದಳು. ಒಳಗೆ ಕರೆದರೂ ಬರದೆ ಹೊಸ್ತಿಲ ಹೊರಗೇ ಕೂತಳು. ಅಳಲಿಲ್ಲ.

"ನೂಲಷ್ಟು ಫರಕ್ ಕಂಡಿರಿ ಅಕ್ಕೋರೆ," ಎಂದಳು. "ಗಾಡಿ ಯಾರು ಓಡಿಸಾಕತ್ತಿದ್ರು ಅಂಬೋದು ಕಾಣಲಿಲ್ಲೇನ್ರಿ?"

ಅವಳೇ ಬಿಡಿಸಿ ಹೇಳಿದಳು: ಅಂದು ಗಾಡಿ ಓಡಿಸುತ್ತಿದ್ದವನು ಜಗದೇವ. ಹುಸೇನಸಾಬ ಪಕ್ಕದಲ್ಲಿ ಕೂತಿದ್ದ. ಸಾವಕಾಶ ಹೋಗೆಂದು ಎರಡು ಸಲ ಹೇಳಿದ್ದನಂತೆ. ಗಾಡಿ ಜಪ್ತಿಯಾದ ದಿನವೇ ದೌಲತರಾಯ ಕರೆಸಿ, ಯಾರಾದರೂ ಒಬ್ಬರು ಜೈಲಿಗೆ ಹೋಗಲೇಬೇಕು ಎಂದಿದ್ದ. ಹುಸೇನಸಾಬನ ಮನೆ ನಿಂತಿದ್ದು ಮಿಲ್ಲಿನ ಆವರಣದೊಳಗೆ, ಇಬ್ಬರು ಗಂಡುಮಕ್ಕಳ ಕೆಲಸವೂ ಅಲ್ಲೇ. ಇದನ್ನೆಲ್ಲ ಅಧಿಕಾರಿಯ ಮುಂದೆ ಹೇಳೋಣ, ತಾನೂ ಜೊತೆಗೆ ಬರುತ್ತೇನೆ ಎಂದು ಶಿವಕಾಂತಾ ಅಂದಾಗ ಗೌಸಿಯಾಬೇಗಂ ಸೆರಗು ಸರಿಮಾಡಿಕೊಂಡು ಎದ್ದಳು. ಗಂಡ ಖುರಾನಿನ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಾನೆ, ತಾನು ಅದನ್ನು ಮುರಿಯಲಾರೆ, ಮತ್ತೆ ಅಳೆಯಲು ಹೋಗಬೇಡಿ ಎಂದಷ್ಟೇ ಹೇಳಿ ಹೊರಟುಹೋದಳು.

ಆದರೂ ಶಿವಕಾಂತಾ ಆ ಅಧಿಕಾರಿಗೆ ಕಾಗದ ಬರೆದಳು. ಅವರಿಗೆ ವರ್ಗವಾಗಿತ್ತು. ಬೇರೆ ಯಾರಿಂದಲೂ ಉತ್ತರ ಬರಲಿಲ್ಲ. ಅವ್ವನಿಗೆ ಜಿಡಗಾಕ್ಕೆ ಹೋಗುವುದನ್ನು ಬಿಡಿಸಿದಳು. ಕಾರಣ ಕೇಳಿದರೆ ಅವ್ವನದೇ ಮೊಣಕಾಲು ನೋವಿನ ನೆಪ ಹೇಳಿದಳು.

ದೀಪಾವಳಿಯ ಹೊತ್ತಿಗೆ ಜಗದೇವನ ಮದುವೆಯಾಯಿತು. ಬೀಗರ ಕಡೆಯಿಂದ ಬಿಳಿ ಮಾರುತಿ ಬಂತು. ಶಾಲೆ ಬಿಡುವ ಹೊತ್ತಿಗೆ ಅದು ಗೇಟಿನ ಎದುರು ನಿಲ್ಲತೊಡಗಿತು. ಮೊದಲ ದಿನ ಅವಳು ಅದನ್ನು ಗಮನಿಸದಂತೆ ನಡೆದಳು. ಎರಡನೆಯ ದಿನ ಬೇರೆ ದಾರಿ ಹಿಡಿದಳು. ಗಾಡಿ ಅಲ್ಲಿಯೂ ಬಂತು. ಮೂರನೆಯ ದಿನ ಪಕ್ಕದಲ್ಲೇ ನಿಧಾನವಾಯಿತು, ಗಾಜು ಕೆಳಗಿಳಿಯಿತು. ಜಗದೇವ ಒಬ್ಬನೇ ಇದ್ದ. ಬಹಳ ಮರ್ಯಾದೆಯಿಂದ ಮಾತಾಡಿದ.

"ಇದರದೂ ಅಳತಿ ತಗೋತೀರೇನ್ರಿ ಟೀಚರ್?"

ಶಿವಕಾಂತಾ ಚೀಲವನ್ನು ಎದೆಗೆ ಒತ್ತಿಕೊಂಡು ರಸ್ತೆಯ ಅಂಚಿಗೆ ಸರಿದು, ಓಡದೆ, ಒಂದೇ ಸಮನಾದ ಹೆಜ್ಜೆಯಲ್ಲಿ ಮನೆಯ ಕಡೆ ನಡೆದಳು. ಗಾಡಿ ಅವಳ ನಡಿಗೆಯಷ್ಟೇ ನಿಧಾನವಾಗಿ ಹಿಂದೆ ಬರುತ್ತಿತ್ತು.