ಕಲ್ಲಿನೊಳಗಿನ ಕಪ್ಪೆ

ರಾಯಲ್ಪಾಡು ಊರಿನವರ ವೇಣುಗೋಪಾಲನ ವಿಗ್ರಹ ಕೆತ್ತುವ ಕೆಲಸ ತನ್ನ ಕೈತಪ್ಪಿ ಅಶ್ವತ್ಥಾಚಾರಿಯ ಪಾಲಾದ ದಿನವೇ, ಅವನನ್ನು ಮಣ್ಣು ಮುಕ್ಕಿಸಬೇಕೆಂದು ಸೊಣ್ಣಾಚಾರಿ ನಿಶ್ಚಯಿಸಿದ. ಕೆಲಸ ಹೋದದ್ದಕ್ಕಿಂತ ಹೋದ ಬಗೆ ಅವನನ್ನು ಸುಟ್ಟಿತ್ತು. 'ಸೊಣ್ಣನ ಕೈ ನಡುಗುತ್ತೆ, ದೇವರ ಕಣ್ಣು ಸೊಟ್ಟಗಾದೀತು' ಎಂದು ಅಶ್ವತ್ಥಾಚಾರಿ ಆ ಊರಿನ ಯಜಮಾನ ಮುನಿಕೃಷ್ಣಪ್ಪನ ಕಿವಿಯೂದಿದ್ದ.

ಇವರಿಬ್ಬರ ಊರಾದ ಶಿವಾರಪಟ್ಟಣದ ಶಿಲ್ಪಿಗಳು ಹೆದರುತ್ತಿದ್ದದ್ದು ಗರ್ಭಶಿಲೆಗೆ. ಅಂದರೆ ಒಳಗೆ ಪೊಳ್ಳಿದ್ದು, ಅದರಲ್ಲಿ ಜೀವಂತ ಕಪ್ಪೆ ಕೂತಿರುವ ಕಲ್ಲು. ಅಂಥ ಕಲ್ಲಿನ ದೇವರನ್ನು ಕೂರಿಸಿದ ಊರು ಹಾಳು. ಆ ಕಪ್ಪೆಯನ್ನು ಕಂಡವರು ಯಾರೂ ಇರಲಿಲ್ಲ. ಕಂಡಿದ್ದ ಅಜ್ಜ ಮಾತ್ರ ಪ್ರತಿ ಮನೆಯಲ್ಲೂ ಒಬ್ಬನಿದ್ದ.

ಮಾಲೂರು ಸಂತೆಯಲ್ಲಿ ವೀಳ್ಯದೆಲೆ ಮಾರುವ ಗಂಗರತ್ನಮ್ಮನ ಮುಂದೆ ಸೊಣ್ಣಾಚಾರಿ ಕುಕ್ಕರಿಸಿದ.

"ಅಕ್ಕಾ, ಅಶ್ವತ್ಥ ಉಳಿ ಅದ್ದೋ ಮಡಕೇಲಿ ಕಪ್ಪೆ ಇತ್ತಂತೆ. ಈ ಸುಡುಬಿಸಿಲಲ್ಲಿ ಎಲ್ಲಿಂದ ಬಂತೋ?"

ಅವಳ ಕೈ ಎಲೆಯ ಮೇಲೇ ನಿಂತಿತು. "ಅಯ್ಯೋ ದೇವುಡಾ! ಕಲ್ಲೊಳಗಿಂದಾನಾ?"

"ನಾನು ಹಂಗಂದ್ನಾ? ನನ್ನೆಸರು ತರಬೇಡ ಕಣಕ್ಕ."

ವಾರದೊಳಗೆ ಕಪ್ಪೆ ಕೋಲಾರ ದಾಟಿತು. ಮುಳಬಾಗಿಲಿನಲ್ಲಿ ಅಂಗೈಯಗಲ ಬೆಳೆಯಿತು. ಶ್ರೀನಿವಾಸಪುರ ಮುಟ್ಟುವಾಗ ಅದರ ಮೈ ರಕ್ತದ ಬಣ್ಣಕ್ಕೆ ತಿರುಗಿತ್ತು. ಜಪಾನಿನವರು ಇವತ್ತೋ ನಾಳೆಯೋ ಮದರಾಸಿಗೆ ಇಳಿಯುತ್ತಾರೆಂದು ಜನ ನಡುಗುತ್ತಿದ್ದ ಬೇಸಿಗೆ ಅದು. ಅಕ್ಕಿ ಇಲ್ಲ, ಸೀಮೆಎಣ್ಣೆ ಇಲ್ಲ. ಎಲ್ಲದಕ್ಕೂ ಒಂದು ಕಾರಣ ಬೇಕಿತ್ತು, ಕಪ್ಪೆ ಸಿಕ್ಕಿತು.

ಮುನಿಕೃಷ್ಣಪ್ಪ ಬಂದು, ಅರೆಗೆತ್ತಿದ ವೇಣುಗೋಪಾಲನನ್ನು ಅಶ್ವತ್ಥಾಚಾರಿಯ ಚಪ್ಪರದಲ್ಲೇ ಬಿಟ್ಟು, ಕೆಲಸವನ್ನು ಸೊಣ್ಣಾಚಾರಿಗೆ ಒಪ್ಪಿಸಿದ. ಆ ದಿನ ಸೊಣ್ಣಾಚಾರಿ ಒಂದು ಮುದ್ದೆ ಹೆಚ್ಚಿಗೆ ಉಂಡ.

ಮೂರು ತಿಂಗಳು ಕೆತ್ತಿದ. ಕೊಳಲು ಹಿಡಿದ ಬೆರಳುಗಳು ಅವನಿಗೇ ಬೆರಗು ಹುಟ್ಟಿಸಿದವು. ಗಾಡಿ ಕಟ್ಟಿಕೊಂಡು ಬಂದ ಮುನಿಕೃಷ್ಣಪ್ಪ ವಿಗ್ರಹಕ್ಕೆ ಕೈಮುಗಿದು ಕೇಳಿದ: "ಕಲ್ಲು ಯಾವ ಗುಡ್ಡದ್ದು ಆಚಾರಿ?"

ಸೊಣ್ಣಾಚಾರಿ ಊರಾಚೆಯ ಗುಡ್ಡದ ಕಡೆ ಕೈ ತೋರಿಸಿದ. ಊರಿಗೆಲ್ಲ ಕಲ್ಲು ಬರುತ್ತಿದ್ದದ್ದು ಒಂದೇ ಗುಡ್ಡದಿಂದ. ಕಪ್ಪೆ ಬಿಡುವಾಗ ಅದು ಅವನಿಗೆ ಹೊಳೆದಿರಲಿಲ್ಲ.

"ಅದೇ ಗುಡ್ಡಾನಾ? ಒಂದು ಕಪ್ಪೆ ಇದ್ದ ಕಡೆ ಹತ್ತಿರಲ್ವಾ?"

"ಕಪ್ಪೇನೇ ಇರ್ಲಿಲ್ಲ ಸ್ವಾಮಿ! ಅದು ನಾನು ಕಟ್ಟಿದ ಮಾತು!"

ಮುನಿಕೃಷ್ಣಪ್ಪ ನಕ್ಕುಬಿಟ್ಟ. "ಕಲ್ಲು ಸಾಗಹಾಕೋಕೆ ಏನ್ ಬೇಕಾದ್ರೂ ಹೇಳ್ತೀಯ. ನಮ್ಮ ಬಾಮೈದ ಕಣ್ಣಾರೆ ನೋಡವ್ನೆ."

ಗಾಡಿ ಕಂಡು ಬಂದು ಬೇಲಿಯಾಚೆ ನಿಂತಿದ್ದ ಅಶ್ವತ್ಥಾಚಾರಿ ಎಲ್ಲ ಕೇಳಿಸಿಕೊಂಡಿದ್ದ. "ಒಡೆದು ತೋರ್ಸೋ ಸೊಣ್ಣ," ಎಂದ. "ಕೈ ನಡುಗಲ್ಲ ತಾನೆ?"

ಸೊಣ್ಣಾಚಾರಿ ದೊಡ್ಡ ಸುತ್ತಿಗೆ ಎತ್ತಿದ. ಕೈ ನಡುಗಲಿಲ್ಲ. ನಾಲ್ಕನೇ ಏಟಿಗೆ ವೇಣುಗೋಪಾಲ ಸೊಂಟದಲ್ಲಿ ಎರಡಾದ. ಒಳಗೆ ಪೊಳ್ಳಿಲ್ಲ, ಬಿರುಕಿಲ್ಲ, ಬರೀ ಕಲ್ಲು.

ಮುನಿಕೃಷ್ಣಪ್ಪ ಬಗ್ಗಿ ನೋಡಿದ, ಮುಟ್ಟಿ ನೋಡಿದ. "ಹಾರೋಗಿರ್ಬೇಕು," ಎಂದ.

ಅಶ್ವತ್ಥಾಚಾರಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಸೊಣ್ಣಾಚಾರಿ ಸುತ್ತಿಗೆ ಕೆಳಗಿಡದೆ, ಎದುರಿಗಿದ್ದ ಅವನ ಮನೆಯ ಕಡೆ ಕಣ್ಣು ಕಿರಿದು ಮಾಡಿ ಕೇಳಿದ:

"ಅಶ್ವತ್ಥ, ನಿಮ್ಮನೆ ಹೊಸ್ತಿಲು ದಾಟಿ ಏನೋ ಒಳಗೆ ಹೋದಂಗಾಯ್ತಲ್ಲೋ?"

ಎಲ್ಲರ ಕತ್ತೂ ಆ ಕಡೆ ತಿರುಗಿತು. ಅಶ್ವತ್ಥಾಚಾರಿಯ ನಗು ನಿಂತಿತು.